ಹೆಸರಿನ ಪಟ್ಟಿಗೆ ಹಿಡಿದ ಜರಡಿ

ಕೆಲವು ವರ್ಷಗಳ ಹಿಂದಿನ ಮಾತು. ಆಗ ನಾನು ಪಾಠ ಮಾಡುತ್ತಿದ್ದ ಕಾಲೇಜಿನಲ್ಲಿ ಗಣಕ ಕೊಠಡಿಯ ಉಸ್ತುವಾರಿಯೂ ನನ್ನ ಪಾಲಿಗೇ ಬಂದಿತ್ತು. ಭೌತವಿಜ್ಞಾನದ ಅಧ್ಯಾಪಕರಿಗೆ ಕೆಟ್ಟ ಮೈಕು, ಸುಟ್ಟ ಫ್ಯೂಸು, ಗಣಕ ಎಲ್ಲವೂ ಗೊತ್ತಿರುತ್ತದೆಂಬ ನಂಬಿಕೆ ನಮ್ಮ ಕಾಲೇಜುಗಳಲ್ಲಿ ಬಲವಾಗಿದೆ. ಒಂದು ದಿನ ಕಚೇರಿಯಿಂದ ಚೀಟಿ ಬಂತು: ‘ಭೌತ ಮತ್ತು ರಸಾಯನ ವಿಭಾಗದವರ ಖಾತೆಗಳ ಪಟ್ಟಿ ಬೇಕು.’ ಕಾಲೇಜಿನ ಬಳಕೆದಾರರ ಹೆಸರು, ವಿಭಾಗ, ಗುಪ್ತಪದ ಮುಂತಾದವೆಲ್ಲ ಒಂದು ಡೈರೆಕ್ಟರಿಯಲ್ಲಿದ್ದವು. ಚೀಟಿಯಲ್ಲಿದ್ದಂತೆಯೇ ‘ವಿಭಾಗ ಭೌತ, ಮತ್ತು ವಿಭಾಗ ರಸಾಯನ’ ಎಂದು ಪ್ರಶ್ನೆ ಬರೆದು ಪಟ್ಟಿಯನ್ನು ಕಡತಕ್ಕೆ ಇಳಿಸಿದೆ. ಮೂವತ್ತು ಹೆಸರು ಬರಬೇಕಿದ್ದಲ್ಲಿ ಒಂದೇ ಒಂದು ಹೆಸರು ಬಂದಿತ್ತು. ಅದು ಎರಡೂ ಪ್ರಯೋಗಾಲಯಗಳನ್ನು ನೋಡಿಕೊಳ್ಳುತ್ತಿದ್ದ ಅಟೆಂಡರ್ ಅವರದು.

ಗಣಕ ತಪ್ಪು ಮಾಡಿರಲಿಲ್ಲ. ಭೌತ ವಿಭಾಗಕ್ಕೂ ಸೇರಿದ, ರಸಾಯನ ವಿಭಾಗಕ್ಕೂ ಸೇರಿದ ವ್ಯಕ್ತಿ ನಮ್ಮಲ್ಲಿ ಅವರೊಬ್ಬರೇ. ಮಾತಿನಲ್ಲಿ ನಾವು ‘ಮತ್ತು’ ಎನ್ನುವ ಕಡೆ ತರ್ಕದಲ್ಲಿ ಎಷ್ಟೋ ಸಲ ‘ಅಥವಾ’ ಎನ್ನಬೇಕಾಗುತ್ತದೆ. ಕನ್ನಡದಲ್ಲಿ ‘ಶೋಧಿಸು’ ಎಂದರೆ ಹುಡುಕುವುದೂ ಹೌದು, ಬಟ್ಟೆಯಲ್ಲಿ ಸೋಸುವುದೂ ಹೌದು. ಡೈರೆಕ್ಟರಿಯಲ್ಲಿ ನಡೆಯುವುದು ಈ ಎರಡೂ ಅರ್ಥದ ಶೋಧನೆಯೇ. ಈ ಜರಡಿಯ ಕಣ್ಣುಗಳನ್ನು ಯಾರು, ಯಾವಾಗ, ಹೇಗೆ ಹೆಣೆದರು ಎಂಬ ಕಥೆ ಸ್ವಾರಸ್ಯವಾಗಿದೆ. ಗಣಕ ಹುಟ್ಟುವುದಕ್ಕೆ ಎಷ್ಟೋ ಮೊದಲೇ ಅದು ಆರಂಭವಾಗುತ್ತದೆ.

ಊರು, ಸರ್ವೆ ನಂಬರು, ಹಿಸ್ಸಾ

ಬೆಂಗಳೂರಿನಿಂದ ಚೆನ್ನೈ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಕೋಲಾರ ದಾಟಿ ಮುಳಬಾಗಿಲಿನತ್ತ ಸಾಗಿದರೆ ದೇವರಾಯಸಮುದ್ರ ಸಿಗುತ್ತದೆ. ಹೊರಗಿನಿಂದ ಬಂದವರು ಸಮುದ್ರ ಎಲ್ಲಿ ಎಂದು ಕೇಳುವುದುಂಟು. ನಮ್ಮ ಕಡೆಯ ಊರ ಹೆಸರುಗಳಲ್ಲಿ ಸಮುದ್ರವೆಂದರೆ ಕೆರೆ. ಈ ಊರಿನ ಒಂದು ಹೊಲದ ಪಹಣಿ ಬೇಕೆಂದರೆ ನಾವು ಏನು ಹೇಳುತ್ತೇವೆ? ಕೋಲಾರ ಜಿಲ್ಲೆ, ಮುಳಬಾಗಿಲು ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ಕೊನೆಗೆ ಹಿಸ್ಸಾ. ಮರದ ಬುಡದಿಂದ ಕೊಂಬೆಗೆ, ಕೊಂಬೆಯಿಂದ ರೆಂಬೆಗೆ, ರೆಂಬೆಯಿಂದ ಎಲೆಗೆ ಹೋದಂತೆ. ಈ ಸರಣಿ ಗೊತ್ತಿದ್ದರೆ ಹುಡುಕಾಟವೇ ಬೇಕಿಲ್ಲ, ನೇರವಾಗಿ ಎಲೆಯ ಹತ್ತಿರ ಹೋಗಬಹುದು.

ಆದರೆ ಪ್ರಶ್ನೆ ಬೇರೆಯಾದರೆ? ‘ಈ ತಾಲ್ಲೂಕಿನಲ್ಲಿ ಎರಡು ಎಕರೆಗಿಂತ ಕಡಿಮೆ ಜಮೀನಿದ್ದು, ನೀರಾವರಿ ಇಲ್ಲದವರು ಯಾರು?’ ಇದಕ್ಕೆ ಸರಣಿ ಸಾಲದು. ಎಲ್ಲ ಎಲೆಗಳನ್ನೂ ಮುಟ್ಟಿ ನೋಡಬೇಕು. ಪಹಣಿ ಪುಸ್ತಕಗಳು ಸುಮಾರು 9 ಸಾವಿರ ಗ್ರಾಮ ಲೆಕ್ಕಿಗರ ಕೈಯಲ್ಲಿ ಹಂಚಿಹೋಗಿದ್ದ ಕಾಲದಲ್ಲಿ ಇಂತಹ ಪ್ರಶ್ನೆ ಕೇಳುವುದೇ ವ್ಯರ್ಥವಾಗಿತ್ತು. ಕರ್ನಾಟಕದ ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿ ದಾಖಲೆಗಳು ಗಣಕಕ್ಕೆ ಏರಿ, 2000ರ ದಶಕದ ಆರಂಭದಲ್ಲಿ ತಾಲ್ಲೂಕು ಕಚೇರಿಗಳ ಕಿಟಕಿಯಲ್ಲಿ 15 ರೂಪಾಯಿಗೆ ಪಹಣಿ ಸಿಗತೊಡಗಿದಾಗ ಜನ ಕಂಡದ್ದು ಸರಣಿಯ ವೇಗವನ್ನು. ಎರಡನೆಯ ಬಗೆಯ ಪ್ರಶ್ನೆಯನ್ನು ಕೇಳುವ ದಾರಿಯೂ ಅದರೊಂದಿಗೇ ತೆರೆಯಿತು ಎಂಬುದನ್ನು ಗಮನಿಸಿದವರು ಕಡಿಮೆ.

ಇದೇ ತೊಡಕಿಗೆ ಇನ್ನೂ ಹಳೆಯ ಉದಾಹರಣೆ ನಮ್ಮ ಜಿಲ್ಲೆಯಲ್ಲೇ ಇದೆ. ಬಿ. ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಮಾಲೆಯ 10ನೆಯ ಸಂಪುಟ ಕೋಲಾರ ಜಿಲ್ಲೆಯ ಶಾಸನಗಳದ್ದು. ಅದು 1905ರಲ್ಲಿ ಪ್ರಕಟವಾಯಿತು. ಅದರಲ್ಲಿ ಶಾಸನಗಳಿಗೆ ತಾಲ್ಲೂಕುವಾರು ಕ್ರಮಸಂಖ್ಯೆ ಇದೆ. ಮುಳಬಾಗಿಲಿನ ಇಷ್ಟನೆಯ ಶಾಸನ ಎಂದರೆ ತಕ್ಷಣ ಪುಟ ತೆರೆಯಬಹುದು. ಆದರೆ ‘ಕೆರೆ ಕಟ್ಟಿಸಿದ್ದನ್ನು ಹೇಳುವ, ಆದರೆ ದೇವಸ್ಥಾನಕ್ಕೆ ದಾನ ಕೊಟ್ಟಿದ್ದನ್ನು ಹೇಳದ ಶಾಸನಗಳು ಯಾವುವು’ ಎಂದು ಕೇಳಿದರೆ ಸಂಪುಟವನ್ನೇ ಓದಬೇಕು. ಇನ್ನೊಂದು ತಮಾಷೆ ನೋಡಿ. ಅದರಲ್ಲಿ ಚಿಂತಾಮಣಿ, ಗೌರಿಬಿದನೂರು ಎಲ್ಲ ಕೋಲಾರ ಜಿಲ್ಲೆಯೇ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಯಿತು, ಆರು ತಾಲ್ಲೂಕುಗಳು ಅತ್ತ ಹೋದವು. ಆದರೆ ಚಿಂತಾಮಣಿಯ ಪಿನ್ ಕೋಡ್ ಇಂದಿಗೂ 563125. 1972ರಲ್ಲಿ ಪಿನ್ ಬಂದಾಗ ಅಂಚೆಯವರು ವಿಂಗಡಣೆಗೆ ಅನುಕೂಲವಾಗುವಂತೆ ಸಂಖ್ಯೆ ಕೊಟ್ಟರು. ಜಿಲ್ಲೆ ಒಡೆದದ್ದು ಬೇರೆಯವರು. ಹಾಗಾಗಿ ಯಾರಾದರೂ ‘ಕೋಲಾರ ಜಿಲ್ಲೆಯ ವಿದ್ಯಾರ್ಥಿಗಳು’ ಎಂದುಕೊಂಡು 563ರಿಂದ ಆರಂಭವಾಗುವ ಪಿನ್ ಇರುವವರನ್ನು ಸೋಸಿದರೆ, ಪಟ್ಟಿಗೆ ಚಿಂತಾಮಣಿಯವರೂ ಬರುತ್ತಾರೆ.

ಬೂಲ್‌ನ ಗುಣಾಕಾರ

ಗುಣಗಳನ್ನು ಹಿಡಿದು ವಿಂಗಡಿಸುವ ಕೆಲಸವನ್ನು ಗಣಿತದ ಭಾಷೆಗೆ ತಂದವನು ಜಾರ್ಜ್ ಬೂಲ್. 1847ರಲ್ಲಿ ಒಂದು ಕಿರುಪುಸ್ತಕ, 1854ರಲ್ಲಿ ದೊಡ್ಡ ಗ್ರಂಥ. ಬೂಲ್‌ನ ಸಂಕೇತಗಳು ಸಂಖ್ಯೆಗಳಲ್ಲ, ಗುಂಪುಗಳು. ಕ್ಷ ಎಂದರೆ ಭೌತ ವಿಭಾಗದವರು, ಯ ಎಂದರೆ ಮಹಿಳೆಯರು ಎಂದಿಟ್ಟುಕೊಳ್ಳಿ. ಕ್ಷ ಮತ್ತು ಯಗಳ ಗುಣಲಬ್ಧವೆಂದರೆ ಭೌತ ವಿಭಾಗದ ಮಹಿಳೆಯರು. ಎಲ್ಲರ ಗುಂಪು 1, ಯಾರೂ ಇಲ್ಲದ ಗುಂಪು 0. ಆಗ (1 − ಕ್ಷ) ಎಂದರೆ ಭೌತ ವಿಭಾಗದಲ್ಲಿಲ್ಲದವರು. ಭೌತದವರ ಪೈಕಿ ಭೌತದವರನ್ನು ಆರಿಸಿದರೆ ಸಿಗುವುದು ಭೌತದವರೇ. ಅಂದರೆ ಕ್ಷವನ್ನು ಕ್ಷದಿಂದ ಗುಣಿಸಿದರೆ ಕ್ಷವೇ. ಶಾಲೆಯ ಬೀಜಗಣಿತದಲ್ಲಿ ಈ ಮಾತು 0 ಮತ್ತು 1ಕ್ಕೆ ಮಾತ್ರ ಒಪ್ಪುತ್ತದೆ. ಬೂಲ್‌ನ ಇಡೀ ಬೀಜಗಣಿತ ಈ ಎರಡು ಬೆಲೆಗಳ ಮೇಲೆ ನಿಂತಿರುವುದು ಇದರಿಂದಲೇ.

ಪ್ರಸಂಗವಶಾತ್ ಒಂದು ಮಾತು. ಬೂಲ್‌ನ ಪತ್ನಿ ಮೇರಿ, ಭಾರತದ ಸರ್ವೇಯರ್ ಜನರಲ್ ಆಗಿದ್ದ ಜಾರ್ಜ್ ಎವರೆಸ್ಟ್‌ನ ಸೋದರ ಸಂಬಂಧದ ಮಗಳು. ಎವರೆಸ್ಟ್ ಮುಂದುವರಿಸಿದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಯನ್ನು ಆರಂಭಿಸಿದ ಲ್ಯಾಂಬ್ಟನ್ 1800ರಲ್ಲಿ ಆಧಾರರೇಖೆಯೊಂದನ್ನು ಅಳೆದದ್ದು ಬೆಂಗಳೂರಿನಲ್ಲಿ. ನಮ್ಮ ಸರ್ವೆ ನಂಬರಿಗೂ ಬೂಲ್‌ನ ತರ್ಕಕ್ಕೂ ಮದುವೆಯ ನಂಟು ಉಂಟೆಂದು ತರಗತಿಯಲ್ಲಿ ಹೇಳಿದರೆ ಮಕ್ಕಳು ನಗುತ್ತಾರೆ, ಆದರೆ ಮರೆಯುವುದಿಲ್ಲ.

ಬೂಲ್‌ನ ಲೆಕ್ಕ ಕಾಗದದಲ್ಲೇ ಉಳಿಯದೆ ಯಂತ್ರಕ್ಕೆ ಇಳಿದದ್ದು ಜನಗಣತಿಯ ಒತ್ತಡದಿಂದ. ಅಮೆರಿಕದ 1890ರ ಗಣತಿಯಲ್ಲಿ 6 ಕೋಟಿಗೂ ಹೆಚ್ಚು ಜನರ ವಿವರಗಳನ್ನು ಹರ್ಮನ್ ಹಾಲರಿತ್ ರಂಧ್ರಗಳ ಕಾರ್ಡಿಗೆ ಇಳಿಸಿದ. ಕಾರ್ಡಿನ ರಂಧ್ರದಲ್ಲಿ ಸೂಜಿ ತೂರಿ ಕೆಳಗಿನ ಪಾದರಸವನ್ನು ಮುಟ್ಟಿದರೆ ವಿದ್ಯುನ್ಮಂಡಲ ಪೂರ್ಣವಾಗಿ ಎಣಿಕೆಯ ಮುಳ್ಳು ಒಂದು ಮನೆ ಮುಂದೆ ಸರಿಯುತ್ತಿತ್ತು. ರಿಲೇಗಳನ್ನು ಸರಣಿಯಲ್ಲಿ ಜೋಡಿಸಿದರೆ ಎರಡು ರಂಧ್ರಗಳೂ ಇದ್ದಾಗ ಮಾತ್ರ ಎಣಿಕೆ. ‘ಮತ್ತು’ ಎಂಬುದು ಸರಣಿ ಜೋಡಣೆ, ‘ಅಥವಾ’ ಎಂಬುದು ಸಮಾಂತರ ಜೋಡಣೆ. ಪಿಯುಸಿ ವಿದ್ಯಾರ್ಥಿಗಳಿಗೆ ಇದನ್ನು ಎರಡು ಸ್ವಿಚ್ಚು, ಒಂದು ಬಲ್ಬಿನಲ್ಲಿ ತೋರಿಸಬಹುದು.

ಕಂಬಿ ಮತ್ತು ಕಾರ್ಡು

ವಿದ್ಯುತ್ತೇ ಇಲ್ಲದೆ ಇದನ್ನು ತೋರಿಸುವ ಇನ್ನೂ ಒಳ್ಳೆಯ ದಾರಿಯಿದೆ. ಇಪ್ಪತ್ತನೆಯ ಶತಮಾನದ ಹಲವು ದಶಕಗಳ ಕಾಲ ಗ್ರಂಥಾಲಯಗಳಲ್ಲಿ, ಆಸ್ಪತ್ರೆಗಳಲ್ಲಿ, ಪ್ರಯೋಗಾಲಯಗಳಲ್ಲಿ ಅಂಚಿನುದ್ದಕ್ಕೂ ತೂತುಗಳಿರುವ ಕಾರ್ಡುಗಳು ಬಳಕೆಯಲ್ಲಿದ್ದವು. ಮೆಕ್‌ಬೀ ಕಂಪನಿಯ ‘ಕೀಸಾರ್ಟ್’ ಕಾರ್ಡು ಇವುಗಳಲ್ಲಿ ಹೆಸರುವಾಸಿ. ‘ಮಾಹಿತಿ ಮರುಪಡೆಯುವಿಕೆ’ ಎಂಬ ಅರ್ಥದ ಇಂಗ್ಲಿಷ್ ಪಾರಿಭಾಷಿಕ ಪದವನ್ನು 1950ರಲ್ಲಿ ಚಲಾವಣೆಗೆ ತಂದ ಕ್ಯಾಲ್ವಿನ್ ಮೂಯರ್ಸ್ ಕೂಡ ಇಂಥ ಕಾರ್ಡುಗಳಿಂದಲೇ ಕೆಲಸ ಆರಂಭಿಸಿದವನು.

ತರಗತಿಯಲ್ಲಿ ಮಾಡಿ ನೋಡಿ. ನಲವತ್ತು ಪೋಸ್ಟ್‌ಕಾರ್ಡುಗಳನ್ನು ಒಟ್ಟಿಗೆ ಜೋಡಿಸಿ ಮೇಲಂಚಿನಲ್ಲಿ ಐದು ತೂತು ಹೊಡೆಯಿರಿ. ಪ್ರತಿ ವಿದ್ಯಾರ್ಥಿಗೆ ಒಂದು ಕಾರ್ಡು. ಮೊದಲ ತೂತು ‘ಬಸ್ಸಿನಲ್ಲಿ ಬರುತ್ತೇನೆ’, ಎರಡನೆಯದು ‘ಕನ್ನಡದ ಜೊತೆಗೆ ತೆಲುಗೂ ಬರುತ್ತದೆ’, ಹೀಗೆ. ಉತ್ತರ ಹೌದಾದರೆ ಆ ತೂತಿನಿಂದ ಅಂಚಿನವರೆಗೆ ಕತ್ತರಿಯಿಂದ ಸೀಳಬೇಕು. ಎಲ್ಲ ಕಾರ್ಡುಗಳನ್ನೂ ಸೇರಿಸಿ ಮೊದಲ ತೂತಿನಲ್ಲಿ ಸ್ವೆಟರ್ ಹೆಣೆಯುವ ಕಡ್ಡಿ ತೂರಿಸಿ ಎತ್ತಿ ಅಲ್ಲಾಡಿಸಿ. ಸೀಳಿದ ಕಾರ್ಡುಗಳು ಉದುರುತ್ತವೆ. ಉದುರಿದವನ್ನು ಕೂಡಿಸಿ ಎರಡನೆಯ ತೂತಿಗೆ ಕಡ್ಡಿ ಹಾಕಿದರೆ ‘ಮತ್ತು’. ಕಡ್ಡಿಯಲ್ಲಿ ಉಳಿದವಕ್ಕೆ ಎರಡನೆಯ ತೂತಿನಲ್ಲಿ ಕಡ್ಡಿ ಹಾಕಿ, ಎರಡೂ ಸಲ ಉದುರಿದವನ್ನು ಸೇರಿಸಿದರೆ ‘ಅಥವಾ’. ಕಡ್ಡಿಯಲ್ಲಿ ಉಳಿದವು ‘ಅಲ್ಲ’.

ಈ ಪ್ರಯೋಗದಲ್ಲಿ ಒಂದು ಸಣ್ಣ ಮೋಸವನ್ನು ಬೇಕೆಂದೇ ಸೇರಿಸಿಕೊಳ್ಳಿ. ಅಂದು ಗೈರುಹಾಜರಾದ ಇಬ್ಬರ ಕಾರ್ಡನ್ನು ಏನೂ ಸೀಳದೆ ಕಟ್ಟಿನಲ್ಲಿ ಇಡಿ. ‘ಬಸ್ಸಿನಲ್ಲಿ ಬರದವರು’ ಎಂದು ಕಡ್ಡಿ ಎತ್ತಿದಾಗ ಆ ಇಬ್ಬರೂ ಕಡ್ಡಿಯಲ್ಲೇ ಇರುತ್ತಾರೆ. ಅವರು ಬಸ್ಸಿನಲ್ಲಿ ಬರುತ್ತಾರೋ ಇಲ್ಲವೋ ಯಾರೂ ಕೇಳಿಲ್ಲ. ಕಾರ್ಡಿಗೆ ‘ಇಲ್ಲ’ ಎನ್ನುವುದೂ ‘ಗೊತ್ತಿಲ್ಲ’ ಎನ್ನುವುದೂ ಒಂದೇ. ಈ ಇಬ್ಬರನ್ನು ಮುಂದೆ ಮತ್ತೆ ಕಾಣುತ್ತೇವೆ.

ವಿಷಯವನ್ನು ಹಲವು ಮುಖಗಳಾಗಿ ಬಿಡಿಸಿ, ಬೇಕಾದಂತೆ ಜೋಡಿಸುವ ಕಲ್ಪನೆಯನ್ನು ಗ್ರಂಥಾಲಯಕ್ಕೆ ತಂದವರು ಎಸ್. ಆರ್. ರಂಗನಾಥನ್. ಅವರ ಕೋಲನ್ ವರ್ಗೀಕರಣ 1933ರದ್ದು. 1957ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದ ಅವರು 1962ರಲ್ಲಿ ಇಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು. ಇಂದಿನ ಡೈರೆಕ್ಟರಿಯಲ್ಲಿ ಒಬ್ಬ ವ್ಯಕ್ತಿಯ ದಾಖಲೆಯನ್ನು ವಿಭಾಗ, ಹುದ್ದೆ, ಊರು ಎಂದು ಬಿಡಿಬಿಡಿ ಗುಣಗಳಾಗಿ ಇಡುವುದನ್ನು ಕಂಡಾಗ ರಂಗನಾಥನ್ ಅವರ ಮುಖಗಳು ನೆನಪಾಗದೆ ಇರವು. ನೇರ ಸಂಬಂಧ ಇದೆಯೆಂದು ನಾನು ಹೇಳುತ್ತಿಲ್ಲ.

ಭಾರದಿಂದ ಹಗುರಕ್ಕೆ

1980ರ ದಶಕದಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಸಂಸ್ಥೆಗಳಿಗೆ ಒಂದು ದೊಡ್ಡ ಕನಸಿತ್ತು. ಇಡೀ ಜಗತ್ತಿಗೆ ಒಂದೇ ವಿದ್ಯುನ್ಮಾನ ಟೆಲಿಫೋನ್ ಡೈರೆಕ್ಟರಿ. ಬುಡದಲ್ಲಿ ಜಗತ್ತು, ಅದರ ಕೆಳಗೆ ದೇಶ, ಸಂಸ್ಥೆ, ವಿಭಾಗ, ಕೊನೆಗೆ ವ್ಯಕ್ತಿ. ನಮ್ಮ ಪಹಣಿಯ ಸರಣಿಯಂತೆಯೇ. 1988ರಲ್ಲಿ ಇದು ಎಕ್ಸ್.500 ಎಂಬ ಮಾನಕವಾಗಿ ಹೊರಬಂತು. ಎಲ್ಲವನ್ನೂ ಯೋಚಿಸಿದ್ದರು, ಅದೇ ತೊಂದರೆಯಾಯಿತು. ಏಳು ಪದರಗಳ ಓಎಸ್‌ಐ ವ್ಯವಸ್ಥೆಯ ಮೇಲೆ ನಿಂತ ಈ ತಂತ್ರಾಂಶ ಅಂದಿನ ಮೇಜಿನ ಮೇಲಿನ ಗಣಕಗಳಿಗೆ ಹೊರಲಾರದ ಹೊರೆಯಾಗಿತ್ತು.

ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಟಿಮ್ ಹೋವ್ಸ್ ಮತ್ತು ಸಂಗಡಿಗರು ಇದಕ್ಕೊಂದು ಹಗುರವಾದ ಬಾಗಿಲು ಮಾಡಿದರು. ಭಾರವಾದ ಡೈರೆಕ್ಟರಿ ಹಿಂದೆ ಇರಲಿ, ಬಳಕೆದಾರನ ಗಣಕ ಅಂತರಜಾಲದ ಸರಳ ಭಾಷೆಯಲ್ಲಿ ಪ್ರಶ್ನೆ ಕೇಳಲಿ ಎಂಬುದು ಉಪಾಯ. 1993ರ ಜುಲೈಯಲ್ಲಿ ಹೋವ್ಸ್, ಸ್ಟೀವ್ ಕಿಲ್ ಮತ್ತು ವೆಂಗ್‌ಯಿಕ್ ಯಾಂಗ್ ಬರೆದ ಆರ್‌ಎಫ್‌ಸಿ 1487 ಪ್ರಕಟವಾಯಿತು. ಅದೇ ಎಲ್‌ಡ್ಯಾಪ್. ‘ಹಗುರ’ ಎಂಬ ಪದ ಅದರ ಹೆಸರಿನಲ್ಲೇ ಇದೆ. ಬಾಗಿಲು ಎಷ್ಟು ಅನುಕೂಲವಾಯಿತೆಂದರೆ ಕೆಲವೇ ವರ್ಷಗಳಲ್ಲಿ ಹಿಂದಿನ ಮನೆಯನ್ನೇ ಬಿಟ್ಟು ಬಾಗಿಲೇ ಮನೆಯಾಯಿತು. 1995ರಲ್ಲಿ ಎಕ್ಸ್.500ರ ಹಂಗಿಲ್ಲದ ಸ್ವತಂತ್ರ ಎಲ್‌ಡ್ಯಾಪ್ ಸರ್ವರ್ ಮಿಷಿಗನ್‌ನಿಂದಲೇ ಬಂತು. 1997ರ ಡಿಸೆಂಬರ್‌ನಲ್ಲಿ ಮೂರನೆಯ ಆವೃತ್ತಿ, 2000ದಲ್ಲಿ ಮೈಕ್ರೊಸಾಫ್ಟ್‌ನ ಆಕ್ಟಿವ್ ಡೈರೆಕ್ಟರಿ. ನಮ್ಮ ಕಾಲೇಜು, ಬ್ಯಾಂಕು, ಕಚೇರಿಗಳಲ್ಲಿ ಬೆಳಿಗ್ಗೆ ಗುಪ್ತಪದ ಒತ್ತುವಾಗ ಹಿನ್ನೆಲೆಯಲ್ಲಿ ದುಡಿಯುವುದು ಬಹುಮಟ್ಟಿಗೆ ಈ ವಂಶದ ತಂತ್ರಾಂಶಗಳೇ.

ಹುಡುಕುವಾಗ ಮುಖ್ಯವಾಗಿ ನಾಲ್ಕು ಮಾತು ಹೇಳಬೇಕು: ಮರದ ಯಾವ ಕೊಂಬೆಯಿಂದ ಆರಂಭ, ಎಷ್ಟು ಆಳ (ಆ ಒಂದು ಗೆಣ್ಣು ಮಾತ್ರವೇ, ಅದರ ನೇರ ಕೆಳಗಿನವೇ, ಅಥವಾ ಇಡೀ ಕೊಂಬೆಯೇ), ಯಾವ ಜರಡಿ, ಮತ್ತು ಯಾವ ಯಾವ ಗುಣಗಳನ್ನು ಹೊರಗೆ ಕೊಡಬೇಕು. ಜರಡಿಯನ್ನು ಒಂದು ಸಾಲಿನಲ್ಲಿ ಬರೆಯುವ ಕ್ರಮವನ್ನು ಹೋವ್ಸ್ 1993ರ ಡಿಸೆಂಬರ್‌ನಲ್ಲಿ ಆರ್‌ಎಫ್‌ಸಿ 1558ರಲ್ಲಿ ಕೊಟ್ಟರು. ಕನ್ನಡದಲ್ಲಿ ಬರೆದರೆ ಅದು ಹೀಗಿರುತ್ತದೆ:

(&(ವರ್ಗ=ವ್ಯಕ್ತಿ)(|(ವಿಭಾಗ=ಭೌತ)(ವಿಭಾಗ=ರಸಾಯನ)))

& ಎಂದರೆ ‘ಮತ್ತು’, | ಎಂದರೆ ‘ಅಥವಾ’, ! ಎಂದರೆ ‘ಅಲ್ಲ’. ನನ್ನ ಕಚೇರಿಯ ಚೀಟಿಗೆ ಸರಿಯಾದ ಉತ್ತರ ಇದು. ಗಮನಿಸಿ, ಕ್ರಿಯೆಯ ಚಿಹ್ನೆ ನಡುವೆ ಇಲ್ಲ, ಮೊದಲಿಗಿದೆ. ‘2 + 3’ ಎನ್ನುವ ಬದಲು ‘+ 2 3’ ಎಂದಂತೆ. ಈ ಬಗೆಯ ಬರವಣಿಗೆಯನ್ನು 1924ರಲ್ಲಿ ಯೋಚಿಸಿದವನು ಪೋಲೆಂಡಿನ ತರ್ಕಶಾಸ್ತ್ರಜ್ಞ ಯಾನ್ ವುಕಾಶೆವಿಚ್. ಅದಕ್ಕೇ ಇದು ‘ಪೋಲಿಷ್ ಸಂಕೇತನ’ ಎಂದು ಹೆಸರಾಗಿದೆ. ಎಷ್ಟು ಷರತ್ತುಗಳಿದ್ದರೂ ಚಿಹ್ನೆಯನ್ನು ಒಮ್ಮೆ ಬರೆದರೆ ಸಾಕು. ಓದುವ ಗಣಕಕ್ಕೆ ಮೊದಲೇ ಏನು ಮಾಡಬೇಕೆಂದು ತಿಳಿದಿರುತ್ತದೆ.

ಅರ್ಧದ ಬೆಲೆ

ವುಕಾಶೆವಿಚ್‌ನ ಇನ್ನೊಂದು ಕೊಡುಗೆ ಈ ಜರಡಿಯಲ್ಲಿ ಅಡಗಿದೆ. 1920ರಲ್ಲಿ ಅವನು ನಿಜ, ಸುಳ್ಳು ಎಂಬೆರಡರ ನಡುವೆ ಮೂರನೆಯ ಬೆಲೆಯೊಂದನ್ನು ಸೇರಿಸಿದ ತರ್ಕವನ್ನು ಮುಂದಿಟ್ಟ. ನಿಜ 1, ಸುಳ್ಳು 0, ಮೂರನೆಯದು ½. ‘ಮತ್ತು’ ಎಂದರೆ ಎರಡರಲ್ಲಿ ಚಿಕ್ಕದು, ‘ಅಥವಾ’ ಎಂದರೆ ದೊಡ್ಡದು, ‘ಅಲ್ಲ’ ಎಂದರೆ 1ರಿಂದ ಕಳೆಯುವುದು. ½ಕ್ಕೆ ‘ಅಲ್ಲ’ ಹಾಕಿದರೆ 1 − ½, ಅಂದರೆ ಮತ್ತೆ ½. ಗೊತ್ತಿಲ್ಲದ್ದನ್ನು ತಿರುಗಿಸಿ ಹಾಕಿದರೂ ಅದು ಗೊತ್ತಿಲ್ಲದ್ದೇ.

ಡೈರೆಕ್ಟರಿಯ ಮಾನಕಗಳೂ ಪ್ರತಿ ಪ್ರಶ್ನೆಗೆ ಮೂರು ಉತ್ತರಗಳನ್ನು ಒಪ್ಪುತ್ತವೆ: ನಿಜ, ಸುಳ್ಳು, ಅನಿರ್ಧಾರಿತ. ಪಟ್ಟಿಗೆ ಬರುವುದು ನಿಜವಾದದ್ದು ಮಾತ್ರ. ಉಳಿದೆರಡೂ ಸದ್ದಿಲ್ಲದೆ ಬಿದ್ದುಹೋಗುತ್ತವೆ. ಅನಿರ್ಧಾರಿತ ಯಾವಾಗ? ಪ್ರಶ್ನೆಯಲ್ಲಿ ಬರೆದ ಗುಣದ ಹೆಸರೇ ಸರ್ವರಿಗೆ ಪರಿಚಯವಿಲ್ಲದಿದ್ದಾಗ, ಅಥವಾ ಕೇಳುವವನಿಗೆ ಆ ಗುಣವನ್ನು ನೋಡುವ ಅಧಿಕಾರವಿಲ್ಲದಿದ್ದಾಗ. ‘ವಿಭಾಗ’ ಎಂಬುದನ್ನು ‘ವಿಬಾಗ’ ಎಂದು ತಪ್ಪಾಗಿ ಬರೆದು (!(ವಿಬಾಗ=ಭೌತ)) ಎಂದು ಕೇಳಿದರೆ, ಭೌತದವರಲ್ಲದ ಎಲ್ಲರೂ ಬರುತ್ತಾರೆಂದು ನೀವು ನಿರೀಕ್ಷಿಸುತ್ತೀರಿ. ಬರುವುದು ಖಾಲಿ ಪಟ್ಟಿ. ದೋಷ ಸಂದೇಶವೂ ಬರದೆ ಇರಬಹುದು.

ಇದಕ್ಕಿಂತ ಅಪಾಯದ್ದು ಇನ್ನೊಂದಿದೆ. ಗುಣದ ಹೆಸರು ಸರಿಯಿದ್ದು, ಒಬ್ಬ ವ್ಯಕ್ತಿಯ ದಾಖಲೆಯಲ್ಲಿ ಮಾತ್ರ ಆ ಗುಣವನ್ನು ತುಂಬಿಲ್ಲ ಎನ್ನಿ. ಆಗ (ವಿಭಾಗ=ಭೌತ) ಎಂಬುದಕ್ಕೆ ಡೈರೆಕ್ಟರಿ ಸಾಮಾನ್ಯವಾಗಿ ‘ಸುಳ್ಳು’ ಎನ್ನುತ್ತದೆ. ಹಾಗಾಗಿ (!(ವಿಭಾಗ=ಭೌತ)) ಎಂಬುದು ‘ನಿಜ’ವಾಗಿ, ಆ ವ್ಯಕ್ತಿ ಪಟ್ಟಿಗೆ ಬರುತ್ತಾನೆ. ಪೋಸ್ಟ್‌ಕಾರ್ಡಿನ ಆ ಇಬ್ಬರು ಗೈರುಹಾಜರಿಗಳು ನೆನಪಿದೆಯೇ? ಅದೇ. ಸ್ವಾರಸ್ಯವೆಂದರೆ ಎಸ್‌ಕ್ಯೂಎಲ್ ಬಳಸುವ ದತ್ತಸಂಚಯಗಳು ಇಲ್ಲಿ ತದ್ವಿರುದ್ಧ. ಅಲ್ಲಿ ಖಾಲಿ ಮನೆಯನ್ನು ‘ಭೌತ ಅಲ್ಲವೇ?’ ಎಂದು ಕೇಳಿದರೆ ‘ಗೊತ್ತಿಲ್ಲ’ ಎಂಬ ಉತ್ತರ ಬಂದು ಆ ಸಾಲು ಬಿದ್ದುಹೋಗುತ್ತದೆ. ಎಸ್‌ಕ್ಯೂಎಲ್ ಕಲಿತವರು ಡೈರೆಕ್ಟರಿಗೆ ಬಂದರೆ ಎಡವುವುದು ಈ ಹೊಸ್ತಿಲಲ್ಲೇ.

ನಾನೂ ಎಡವಿದೆ. ಭೌತ–ರಸಾಯನದ ಪ್ರಸಂಗ ನಗೆಯಲ್ಲಿ ಮುಗಿದಿತ್ತು, ಇದು ಹಾಗಾಗಲಿಲ್ಲ. ವರ್ಷಾಂತ್ಯದಲ್ಲಿ ನಿವೃತ್ತರಾದವರ, ವರ್ಗವಾಗಿ ಹೋದವರ ಖಾತೆಗಳನ್ನು ಮುಚ್ಚಬೇಕಿತ್ತು. ದಾಖಲೆಯಲ್ಲಿ ‘ಸ್ಥಿತಿ’ ಎಂಬ ಗುಣವಿತ್ತು. ಕೆಲಸದಲ್ಲಿರುವವರಿಗೆ ‘ಹಾಲಿ’. (!(ಸ್ಥಿತಿ=ಹಾಲಿ)) ಎಂದು ಬರೆದು, ಬಂದ ಪಟ್ಟಿಯನ್ನು ಸಿಎಸ್‌ವಿ ಕಡತಕ್ಕೆ ಇಳಿಸಿ, ಅದರಲ್ಲಿದ್ದ 51 ಖಾತೆಗಳನ್ನೂ ಒಂದೇ ಏಟಿಗೆ ಮುಚ್ಚಿದೆ. ಆಂತರಿಕ ಅಂಕಗಳನ್ನು ತುಂಬಲು ಎರಡು ದಿನ ಉಳಿದಿತ್ತು. ಮರುದಿನ ಬೆಳಿಗ್ಗೆ ಅತಿಥಿ ಉಪನ್ಯಾಸಕಿಯೊಬ್ಬರು ನನ್ನ ಕೊಠಡಿಯ ಬಾಗಿಲಲ್ಲಿ ನಿಂತಿದ್ದರು. ಮುಳಬಾಗಿಲಿನ ಕಡೆಯಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದವರು.

“ಸರ್, ನನ್ನ ಹೆಸರೇ ಇಲ್ಲ ಅನ್ನುತ್ತಿದೆ. ನನ್ನನ್ನು ತೆಗೆದುಬಿಟ್ಟರಾ?”

ಗಂಟೆ ಲೆಕ್ಕದ ಸಂಬಳದಲ್ಲಿ, ವರ್ಷ ವರ್ಷವೂ ಮರುನೇಮಕದ ಆತಂಕದಲ್ಲಿ ದುಡಿಯುವವರಿಗೆ ಆ ಸಂದೇಶದ ಅರ್ಥವೇ ಬೇರೆ. ಮಧ್ಯಾಹ್ನದ ಹೊತ್ತಿಗೆ ಇನ್ನೂ ಆರು ಮಂದಿ ಬಂದರು. ಎಲ್ಲರೂ ಅತಿಥಿ ಉಪನ್ಯಾಸಕರೇ. ಅವರ್ಯಾರ ದಾಖಲೆಯಲ್ಲೂ ‘ಸ್ಥಿತಿ’ ತುಂಬಿರಲಿಲ್ಲ.

ದೇವರಾಯಸಮುದ್ರದ ಹದಿಮೂರನೆಯ ಚಿಹ್ನೆ

ಖಾಲಿ ಮನೆ ಒಂದು ಬಗೆಯ ತೊಂದರೆಯಾದರೆ, ಬಲವಂತದಿಂದ ತುಂಬಿದ ಮನೆ ಇನ್ನೊಂದು ಬಗೆಯದು. ಎಕ್ಸ್.500ರಿಂದ ಬಂದ ‘ವ್ಯಕ್ತಿ’ ಎಂಬ ವರ್ಗದಲ್ಲಿ ಎರಡು ಗುಣಗಳು ಕಡ್ಡಾಯ: ಬಳಕೆಯ ಹೆಸರು ಮತ್ತು ಕುಲನಾಮ. ಯುರೋಪಿನವರು ಬರೆದ ಮಾನಕ, ಕುಲನಾಮವಿಲ್ಲದ ಮನುಷ್ಯನನ್ನು ಅವರು ಊಹಿಸಿರಲಿಲ್ಲ. ನಮ್ಮ ಕೋಲಾರದ ಕಡೆ ಹೆಸರಿನ ಮುಂದೆ ಇರುವುದು ಊರಿನ, ತಂದೆಯ ಮೊದಲಕ್ಷರ. ಹಾಗಾಗಿ ನಮ್ಮ ಡೈರೆಕ್ಟರಿಯಲ್ಲಿ ಕುಲನಾಮದ ಮನೆಯಲ್ಲಿ ಕೆಲವರಿಗೆ ‘ಎನ್’, ಕೆಲವರಿಗೆ ‘ಡಿ.ವಿ.’, ಕೆಲವರಿಗೆ ಬರೀ ಒಂದು ಚುಕ್ಕೆ. ಕುಲನಾಮದ ಮೇಲೆ ಸೋಸಿದರೆ ಒಂದೇ ಮನೆಯವರು ಒಟ್ಟಿಗೆ ಬರುವುದಿಲ್ಲ, ಚುಕ್ಕೆಯವರು ಮಾತ್ರ ಒಟ್ಟಿಗೆ ಬರುತ್ತಾರೆ!

ಕಾಗುಣಿತದ ಗೊಂದಲ ಹಳೆಯದು. ಉಚ್ಚಾರಣೆ ಒಂದೇ, ಬರಹ ಬೇರೆ ಇರುವ ಹೆಸರುಗಳನ್ನು ಹಿಡಿಯಲು ಅಮೆರಿಕದ ರಾಬರ್ಟ್ ರಸೆಲ್ 1918ರಲ್ಲೇ ಒಂದು ಸಂಕೇತ ಪದ್ಧತಿಗೆ ಪೇಟೆಂಟ್ ಪಡೆದಿದ್ದ. ‘ಸೌಂಡೆಕ್ಸ್’ ಎಂದು ಅದರ ಹೆಸರು. ಎಲ್‌ಡ್ಯಾಪ್‌ನಲ್ಲಿ ‘ಸುಮಾರಾಗಿ ಹೋಲುವ’ ಎಂಬ ಜರಡಿ ಇದೇ ಆಸೆಯಿಂದ ಬಂದದ್ದು. ಆದರೆ ಅದು ಇಂಗ್ಲಿಷ್ ಕಿವಿಗೆ ಮಾಡಿದ ಲೆಕ್ಕ. ನಮ್ಮ ತ, ಟ, ಥ, ಠಗಳು ಆ ಕಿವಿಗೆ ಒಂದೇ.

ಕನ್ನಡದಲ್ಲೇ ಬರೆದರೆ ತೊಂದರೆ ತೀರಿತೇ? ಎಲ್‌ಡ್ಯಾಪ್‌ನ ಮೂರನೆಯ ಆವೃತ್ತಿ 1997ರಲ್ಲಿ ಯೂನಿಕೋಡ್‌ನ ಯುಟಿಎಫ್-8 ರೂಪವನ್ನು ಒಪ್ಪಿಕೊಂಡದ್ದರಿಂದ ಕನ್ನಡದ ಹೆಸರು ಡೈರೆಕ್ಟರಿಯಲ್ಲಿ ಕೂರುವುದು ಸಾಧ್ಯವಾಯಿತು. ಅದರಲ್ಲಿ ಪ್ರತಿ ಕನ್ನಡ ಚಿಹ್ನೆಗೆ ಮೂರು ಬೈಟ್. ‘ದೇವರಾಯಸಮುದ್ರ’ವನ್ನು ಬಿಡಿಸಿ ಎಣಿಸಿ: ದ, ಏತ್ವ, ವ, ರ, ದೀರ್ಘ, ಯ, ಸ, ಮ, ಕೊಂಬು, ದ, ವಿರಾಮ, ರ. ಹನ್ನೆರಡು ಚಿಹ್ನೆ, 36 ಬೈಟ್. ಆದರೆ ‘ದೇ’ಯ ಏತ್ವವನ್ನು ಯೂನಿಕೋಡ್‌ನಲ್ಲಿ ಎರಡು ರೀತಿ ಬರೆಯಬಹುದು. ಒಂದೇ ಚಿಹ್ನೆಯಾಗಿ, ಅಥವಾ ಹ್ರಸ್ವ ಎತ್ವ ಹಾಕಿ ಅದರ ಮುಂದೆ ದೀರ್ಘದ ಗುರುತನ್ನು ಪ್ರತ್ಯೇಕವಾಗಿ ಇಟ್ಟು. ಎರಡನೆಯ ರೀತಿಯಲ್ಲಿ ಹದಿಮೂರು ಚಿಹ್ನೆ, 39 ಬೈಟ್. ಪರದೆಯ ಮೇಲೆ ಎರಡೂ ಒಂದೇ. ಬೈಟ್‌ಗಳನ್ನು ಮಾತ್ರ ಹೋಲಿಸುವ ಜರಡಿಗೆ ಅವು ಎರಡು ಬೇರೆ ಊರು. ‘ಕೋಲಾರ’ದ ಓತ್ವಕ್ಕೂ ಇದೇ ಗತಿ. ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರಬೇಕೆಂಬ ನಿಯಮ 2006ರ ಆರ್‌ಎಫ್‌ಸಿ 4518ರಲ್ಲಿ ಬಂತು. ಎಲ್ಲ ತಂತ್ರಾಂಶಗಳೂ ಅದನ್ನು ನಿಷ್ಠೆಯಿಂದ ಪಾಲಿಸುತ್ತವೆಂದು ನಂಬಿ ಕೂರಬೇಡಿ. ಪಟ್ಟಿಯನ್ನು ಕಡತಕ್ಕೆ ಇಳಿಸಿ ಇನ್ನೊಂದು ತಂತ್ರಾಂಶದಲ್ಲಿ ತೆರೆದ ಮೇಲಂತೂ ಆ ನಿಯಮದ ಕೈ ಅಲ್ಲಿಗೆ ಎಟುಕುವುದಿಲ್ಲ.

ನಕ್ಷತ್ರ ಚಿಹ್ನೆಯ ಬಗ್ಗೆ ಒಂದು ಮಾತು. (ಊರು=ದೇವ*) ಎಂದರೆ ದೇವದಿಂದ ಆರಂಭವಾಗುವ ಊರುಗಳು. (ಊರು=*ಸಮುದ್ರ) ಎಂದರೆ ಸಮುದ್ರದಿಂದ ಕೊನೆಯಾಗುವವು. ದೇವರಾಯಸಮುದ್ರವೂ ಬರುತ್ತದೆ, ಅನಂತಪುರದ ಬಳಿಯ ಬುಕ್ಕರಾಯಸಮುದ್ರವೂ ಬರುತ್ತದೆ. ಮೊದಲನೆಯ ಹುಡುಕಾಟ ಬೇಗ, ಎರಡನೆಯದು ನಿಧಾನ. ಏಕೆಂದರೆ ಸೂಚಿಯನ್ನು ಸಾಮಾನ್ಯವಾಗಿ ಮೊದಲಕ್ಷರದಿಂದ ಜೋಡಿಸಿರುತ್ತಾರೆ. ಹಳೆಯ ಟೆಲಿಫೋನ್ ಪುಸ್ತಕದಲ್ಲಿ ‘ಅಪ್ಪ’ ಎಂದು ಕೊನೆಯಾಗುವ ಹೆಸರುಗಳನ್ನೆಲ್ಲ ಹುಡುಕುವ ಶಿಕ್ಷೆಯನ್ನು ಊಹಿಸಿಕೊಳ್ಳಿ.

ಎಣಿಸಿ ನೋಡಿದರೆ

ಇಷ್ಟರ ಮೇಲೆ ಕೆಲವು ಕುಣಿಕೆಗಳು ಆಯಾ ತಂತ್ರಾಂಶದವು. ಆಕ್ಟಿವ್ ಡೈರೆಕ್ಟರಿಯಲ್ಲಿ ‘ಬಳಕೆದಾರ’ ವರ್ಗದ ಎಲ್ಲವನ್ನೂ ಕೇಳಿದರೆ ಗಣಕಗಳೂ ಬರುತ್ತವೆ, ಏಕೆಂದರೆ ಅಲ್ಲಿ ‘ಗಣಕ’ ವರ್ಗ ‘ಬಳಕೆದಾರ’ ವರ್ಗದ ಸಂತಾನ. ಮುಚ್ಚಿದ ಖಾತೆಯ ಗುರುತು ಒಂದು ಸಂಖ್ಯೆಯೊಳಗಿನ ಒಂದು ಬಿಟ್. ಸಾಮಾನ್ಯ ಖಾತೆ 512, ಮುಚ್ಚಿದ್ದಕ್ಕೆ 2 ಸೇರಿ 514. ಗುಪ್ತಪದ ಎಂದೂ ಹಳತಾಗದ ಖಾತೆಯಾದರೆ 65536 ಸೇರಿ 66048, ಅದನ್ನು ಮುಚ್ಚಿದರೆ 66050. ‘514 ಇರುವವು’ ಎಂದು ಸೋಸಿದವರಿಗೆ 66050 ಸಿಗುವುದಿಲ್ಲ. ಆ ಒಂದು ಬಿಟ್ಟನ್ನು ಮಾತ್ರ ನೋಡು ಎನ್ನುವ ವಿಶೇಷ ಜರಡಿಗೆ 1.2.840.113556.1.4.803 ಎಂಬ ಉದ್ದದ ಸಂಖ್ಯೆಯಿದೆ. ಇದೂ ಒಂದು ಮರದ ಸರಣಿಯೇ: 840 ಎಂದರೆ ಅಮೆರಿಕ, 113556 ಎಂದರೆ ಮೈಕ್ರೊಸಾಫ್ಟ್. ದೇಶಗಳ ಅದೇ ಪಟ್ಟಿಯಲ್ಲಿ ಭಾರತದ ಸಂಖ್ಯೆ 356.

ಇನ್ನು ಮಿತಿ. ಆಕ್ಟಿವ್ ಡೈರೆಕ್ಟರಿ ಒಂದು ಸಲಕ್ಕೆ 1000 ದಾಖಲೆಗಳಿಗಿಂತ ಹೆಚ್ಚು ಕೊಡದಂತೆ ಮೊದಲೇ ನಿಗದಿಯಾಗಿರುತ್ತದೆ. ಓಪನ್‌ಎಲ್‌ಡ್ಯಾಪ್‌ನಲ್ಲಿ 500. ಪುಟಪುಟವಾಗಿ ಕೇಳುವ ವಿಧಾನವನ್ನು 1999ರ ಆರ್‌ಎಫ್‌ಸಿ 2696 ಕಲಿಸಿತು. ಅದನ್ನು ಬಳಸದ ತಂತ್ರಾಂಶದಿಂದ ಪಟ್ಟಿ ತೆಗೆದು ಸರಿಯಾಗಿ 1000 ಸಾಲು ಬಂದರೆ ಸಂತೋಷಪಡಬೇಡಿ, ಅನುಮಾನಪಡಿ.

ನಮ್ಮ ಕಾಲೇಜಿನ ಕಥೆಗೆ ಬರೋಣ. ಅಂದು ಮಧ್ಯಾಹ್ನ ಊಟ ಬಿಟ್ಟು ಕುಳಿತು, ಮೊದಲೇ ಮಾಡಬೇಕಿದ್ದ ಕೆಲಸವನ್ನು ಮಾಡಿದೆ. ಭೌತವಿಜ್ಞಾನದಲ್ಲಿ ಶಕ್ತಿಯ ಲೆಕ್ಕವನ್ನು ಕೂಡಿಸಿ ನೋಡದೆ ನಾವು ಯಾವ ಉತ್ತರವನ್ನೂ ನಂಬುವುದಿಲ್ಲ. ಪಟ್ಟಿಯನ್ನು ಮಾತ್ರ ನಂಬಿದ್ದೆ. ಒಟ್ಟು ಖಾತೆ 412. ಹಾಲಿ 361. ನಿವೃತ್ತ ಮತ್ತು ವರ್ಗಾವಣೆ ಸೇರಿ 28. ಕೂಡಿಸಿದರೆ 389. ಉಳಿದ 23 ಎಲ್ಲಿ? ಅವೇ ಖಾಲಿ ಮನೆಗಳು. ಬರೆಯಬೇಕಾಗಿದ್ದ ಜರಡಿ ಹೀಗಿತ್ತು:

(&(ಸ್ಥಿತಿ=*)(!(ಸ್ಥಿತಿ=ಹಾಲಿ)))

(ಸ್ಥಿತಿ=*) ಎಂದರೆ ಆ ಮನೆಯಲ್ಲಿ ಏನಾದರೂ ಬರೆದಿರಲೇಬೇಕು ಎಂದರ್ಥ. ಆಗ ಬರುತ್ತಿದ್ದುದು 28 ಮಾತ್ರ.

23 ಖಾತೆಗಳನ್ನೂ ಸಂಜೆಯೊಳಗೆ ತೆರೆದೆ. ಅಂಕಗಳು ಹೊತ್ತಿಗೆ ಸರಿಯಾಗಿ ತುಂಬಿದವು. ಖಾಲಿ ಮನೆಗಳನ್ನು ತುಂಬಿಬಿಡೋಣವೆಂದು ಖಾತೆ ತೆರೆಯುವ ಹಳೆಯ ಅರ್ಜಿ ನಮೂನೆಯನ್ನು ತರಿಸಿ ನೋಡಿದೆ. ಅದರಲ್ಲಿ ‘ಸ್ಥಿತಿ’ಯ ಎದುರು ಗುರುತು ಹಾಕಲು ಮೂರೇ ಚೌಕಗಳಿದ್ದವು: ಹಾಲಿ, ನಿವೃತ್ತ, ವರ್ಗಾವಣೆ. ಅತಿಥಿ ಉಪನ್ಯಾಸಕರಿಗೆ ಚೌಕವೇ ಇರಲಿಲ್ಲ. ಅರ್ಜಿ ತುಂಬಿದ ಗುಮಾಸ್ತರು ಯಾವುದಕ್ಕೂ ಗುರುತು ಹಾಕದೆ ಬಿಟ್ಟದ್ದರಲ್ಲಿ ಅವರ ತಪ್ಪೂ ಇಲ್ಲ. ನಾಲ್ಕನೆಯ ಚೌಕವಾಗಿ ‘ಅತಿಥಿ’ ಸೇರಿಸಿ 23 ದಾಖಲೆಗಳನ್ನೂ ತಿದ್ದಿದೆ. ಮುಂದಿನ ವಾರ ಪರೀಕ್ಷಾ ಕೆಲಸದ ಪಟ್ಟಿಗೆ (ಸ್ಥಿತಿ=ಹಾಲಿ) ಎಂದು ಎಂದಿನ ಜರಡಿ ಹಿಡಿದಾಗ ಅದೇ 23 ಮಂದಿ ಮತ್ತೆ ಬಿಟ್ಟುಹೋದರು. ಅಲ್ಲಿಯೂ (|(ಸ್ಥಿತಿ=ಹಾಲಿ)(ಸ್ಥಿತಿ=ಅತಿಥಿ)) ಎಂದು ತಿದ್ದಬೇಕಾಯಿತು.